ಹತ್ತು ಸೆಕೆಂಡಿನ ಮೌನ: ಸಾಯುತ್ತಿದ್ದ ಹಾರ್ಡ್ ಡಿಸ್ಕ್‌ನಿಂದ ಹೆಕ್ಕಿ ತೆಗೆದದ್ದು

ನಮ್ಮದು ಉಪ್ಪಳದ ಹತ್ತಿರ ರಸ್ತೆ ಬದಿಯ ಜೀನಸು ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ರಜೆಯಲ್ಲಿ ಊರಿಗೆ ಬಂದರೆ ಗಲ್ಲಾಪೆಟ್ಟಿಗೆಯ ಹತ್ತಿರ ಕೂರುವುದು ತಪ್ಪಿಲ್ಲ. ಅಲ್ಲೇ ಒಂದು ಮಳೆಗಾಲದ ಸಂಜೆ ನನ್ನ ಹಳೆಯ 500 ಜಿಬಿ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಫೋಲ್ಡರ್ ತೆರೆಯಲಿಕ್ಕೆ ಎರಡು ನಿಮಿಷ ಹಿಡಿಯಿತು. ಹೆಸರುಗಳು ಕಂಡವು, ಫೈಲು ಮಾತ್ರ ತೆರೆಯಲಿಲ್ಲ.

ಆ ಫೋಲ್ಡರಿನಲ್ಲಿ ಇದ್ದದ್ದು ದೊಡ್ಡಪ್ಪನ ದನಿ. 1980ರ ದಶಕದಲ್ಲಿ ಗಲ್ಫಿಗೆ ಹೋದವರ ಮನೆಗಳಲ್ಲಿ ಕ್ಯಾಸೆಟ್ ಕಾಗದ ಎಂದರೆ ಏನೆಂದು ಹಿರಿಯರಿಗೆ ಬೇರೆ ಹೇಳಬೇಕಾಗಿಲ್ಲ. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಆ ಕ್ಯಾಸೆಟನ್ನು ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವುದು. ದೊಡ್ಡಪ್ಪನ ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಕಾಗದ ಬಂದರೆ ಇನ್ನೊಬ್ಬರು ಓದಿ ಹೇಳಬೇಕು, ಆಗ ಮಗನ ಗುಟ್ಟು ನೆರೆಕರೆಗೆಲ್ಲ ಗೊತ್ತಾಗುತ್ತದೆ. ಕ್ಯಾಸೆಟ್ ಆದರೆ ಬಾಗಿಲು ಹಾಕಿಕೊಂಡು ಕೇಳಬಹುದು. ಹಾಗೆ ಬಂದ ಹದಿನಾಲ್ಕು ಕ್ಯಾಸೆಟ್ ನಮ್ಮ ಮನೆಯಲ್ಲಿ ಉಳಿದಿದ್ದವು. ಬ್ಯಾರಿ ಮಾತನ್ನು ನಾವು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಆದರೆ ದನಿಯನ್ನು ಯಾವ ಲಿಪಿಯಲ್ಲಿ ಬರೆಯುವುದು?

2011ರಲ್ಲಿ ನಾನು ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಕ್ಯಾಸೆಟ್‌ಗಳು ಅಟ್ಟದಲ್ಲಿ ಬೂಷ್ಟು ಹಿಡಿದವು. ಮಾಡು ಬಿಚ್ಚಿ ಕಾಂಕ್ರೀಟ್ ಹಾಕಿಸುವಾಗ ಉಮ್ಮ ಕೇಳಿದರು, “ಇದನ್ನು ಬಿಸಾಡಲಾ?” ನಾನು “ಬಿಸಾಡಿ, ಕಂಪ್ಯೂಟರಿನಲ್ಲಿ ಉಂಟಲ್ಲ” ಎಂದೆ. ದೊಡ್ಡಪ್ಪ ಈಗ ಇಲ್ಲ. ಆ ಡಿಸ್ಕ್ ಬಿಟ್ಟರೆ ಇನ್ನೊಂದು ಪ್ರತಿಯೂ ಇರಲಿಲ್ಲ.

ಇದು ಆ ಡಿಸ್ಕಿನ ಕತೆ. ಅದರ ಜೊತೆಗೆ ಈ ಯಂತ್ರದ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು. ಯಾಕೆಂದರೆ ಡಿಸ್ಕ್ ಹೇಗೆ ಹುಟ್ಟಿತು ಎಂದು ತಿಳಿದರೆ, ಅದು ಹೇಗೆ ಸಾಯುತ್ತದೆ, ಸಾಯುವಾಗ ನಾವು ಏನು ಮಾಡಬಾರದು ಎನ್ನುವುದು ತಾನಾಗಿ ತಿಳಿಯುತ್ತದೆ.

1956ರ ಯಂತ್ರ

ಕಾಸರಗೋಡಿನವರಿಗೆ 1956 ಮರೆಯುವ ಇಸವಿಯಲ್ಲ. ಆ ವರ್ಷ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅದಕ್ಕೆ ಎರಡು ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, ಅಮೆರಿಕದ ಐಬಿಎಂ ಕಂಪನಿ ‘ರಾಮ್ಯಾಕ್ 305’ ಎಂಬ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿತು. ಅದರೊಳಗಿನ 350 ಎಂಬ ಘಟಕವೇ ಮಾರುಕಟ್ಟೆಗೆ ಬಂದ ಮೊದಲ ಹಾರ್ಡ್ ಡಿಸ್ಕ್. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ರೇನಾಲ್ಡ್ ಜಾನ್ಸನ್ ಎಂಬವರ ತಂಡ ಅದನ್ನು ಮಾಡಿತು. 24 ಇಂಚು ಅಗಲದ 50 ತಟ್ಟೆಗಳು ಒಂದೇ ಕಂಬಕ್ಕೆ ಪೋಣಿಸಿಕೊಂಡು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಮೇಲೆ. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಇಂದಿನ ಲೆಕ್ಕದಲ್ಲಿ ನಾಲ್ಕು ಎಂಬಿಯೂ ಇಲ್ಲ. ದೊಡ್ಡಪ್ಪನ ಒಂದು ಕ್ಯಾಸೆಟ್ ಅದರಲ್ಲಿ ಕೂರುತ್ತಿರಲಿಲ್ಲ.

ತಟ್ಟೆಗೆ ಬಳಿದದ್ದು ಕ್ಯಾಸೆಟ್ ಟೇಪಿಗೆ ಬಳಿಯುವಂಥದ್ದೇ, ಕಬ್ಬಿಣದ ಆಕ್ಸೈಡ್ ಬೆರೆಸಿದ ಬಣ್ಣ. ಅದನ್ನು ಸಮನಾಗಿ ಹರಡುವುದು ಹೇಗೆಂದು ತಿಳಿಯದೆ ಎಂಜಿನಿಯರುಗಳು ಒದ್ದಾಡಿದರು. ಕೊನೆಗೆ ಬಣ್ಣವನ್ನು ಸೋಸಿ, ಕಾಗದದ ಲೋಟದಲ್ಲಿ ತುಂಬಿ, ತಿರುಗುತ್ತಿರುವ ತಟ್ಟೆಯ ನಡುವಿಗೆ ಸುರಿದರು. ತಿರುಗುವ ಜೋರಿಗೆ ಬಣ್ಣ ಅಂಚಿನವರೆಗೆ ತಾನೇ ಹರಡಿಕೊಂಡಿತು. ಕಾವಲಿಯಲ್ಲಿ ನೀರುದೋಸೆ ಎರೆಯುವ ಊರಿನವರಿಗೆ ಈ ಉಪಾಯ ಬೇಗ ಅರ್ಥವಾದೀತು.

ನನ್ನಂಥ ಮೆಕ್ಯಾನಿಕಲ್ ಓದಿದವನಿಗೆ ರಾಮ್ಯಾಕಿನಲ್ಲಿ ಕುತೂಹಲ ಬೇರೆ. ಓದುವ ಹೆಡ್ಡು ತಟ್ಟೆಗೆ ಮುಟ್ಟಬಾರದು, ಮುಟ್ಟಿದರೆ ಬಣ್ಣ ಕೆರೆದು ಹೋಗುತ್ತದೆ. ದೂರವೂ ಇರಬಾರದು, ದೂರವಿದ್ದರೆ ಅಯಸ್ಕಾಂತದ ಗುರುತು ತಿಳಿಯುವುದಿಲ್ಲ. ಅವರು ಹೆಡ್ಡಿನ ಮೂಲಕ ಗಾಳಿ ಊದಿ ಅದನ್ನು ತಟ್ಟೆಯಿಂದ ಸುಮಾರು 20 ಮೈಕ್ರಾನ್ ದೂರದಲ್ಲಿ ಇಟ್ಟರು. ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ನಾವು ಹಿಡಿಯುತ್ತಿದ್ದ ಮೈಕ್ರೋಮೀಟರಿನ ಒಂದು ಗೆರೆ ಎಂದರೆ 10 ಮೈಕ್ರಾನ್. ಅಂದರೆ ಎರಡು ಗೆರೆ. 1961ರಲ್ಲಿ ಬಂದ ಐಬಿಎಂ 1301ರಲ್ಲಿ ಊದುವ ಕೆಲಸವೂ ತಪ್ಪಿತು. ತಟ್ಟೆ ತಿರುಗುವಾಗ ಅದರ ಜೊತೆ ಎಳೆದುಕೊಂಡು ಬರುವ ಗಾಳಿಯ ಮೇಲೆಯೇ ಹೆಡ್ಡು ತೇಲತೊಡಗಿತು. ಅಂತರ 6 ಮೈಕ್ರಾನ್ ಆಸುಪಾಸಿಗೆ ಇಳಿಯಿತು.

ಅಲ್ಲಿಂದ ಮುಂದಿನ ಚರಿತ್ರೆಯನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಹೆಚ್ಚು ಹಿಡಿಸಬೇಕಾದರೆ ಹೆಚ್ಚು ಹತ್ತಿರ ಹೋಗಬೇಕು. ಇಂದಿನ ಡಿಸ್ಕಿನಲ್ಲಿ ಹೆಡ್ಡು ಹಾರುವ ಎತ್ತರ ಕೆಲವೇ ನ್ಯಾನೋಮೀಟರ್. ಐದು ಎಂದಿಟ್ಟುಕೊಂಡರೆ ನನ್ನ ಮೈಕ್ರೋಮೀಟರಿನ ಒಂದು ಗೆರೆಯ ಎರಡು ಸಾವಿರದಲ್ಲಿ ಒಂದು ಪಾಲು. ಲ್ಯಾಪ್‌ಟಾಪಿನ ಸಣ್ಣ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಹೈವೇಯಲ್ಲಿ ಹೋಗುವ ಬಸ್ಸಿನ ವೇಗ. ಒಂದು ಸಿಗರೇಟಿನ ಹೊಗೆಯ ಕಣವೂ ಆ ಅಂತರಕ್ಕೆ ಬಂಡೆಕಲ್ಲು.

ಮುಚ್ಚಿದ ಪೆಟ್ಟಿಗೆ

ಅದಕ್ಕೇ ಡಿಸ್ಕಿನ ಪೆಟ್ಟಿಗೆ ಮುಚ್ಚಿರುತ್ತದೆ. ಮೊದಲೆಲ್ಲ ತಟ್ಟೆಗಳನ್ನು ಯಂತ್ರದಿಂದ ಹೊರಗೆ ತೆಗೆದು ಬದಲಾಯಿಸುತ್ತಿದ್ದರು. 1973ರಲ್ಲಿ ಐಬಿಎಂ 3340 ಬಂದಾಗ ತಟ್ಟೆ, ಹೆಡ್ಡು ಎರಡನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟರು. ಅದರ ಅಡ್ಡಹೆಸರು ‘ವಿಂಚೆಸ್ಟರ್’. ಮೊದಲು ಹಾಕಿಕೊಂಡ ಲೆಕ್ಕ ತಲಾ 30 ಎಂಬಿಯ ಎರಡು ಘಟಕ, ಅಂದರೆ 30-30. ವಿಂಚೆಸ್ಟರ್ ಬಂದೂಕಿಗೂ ಅದೇ ಹೆಸರು ಇದ್ದುದರಿಂದ ಆ ಕೆಲಸದ ಮುಖ್ಯಸ್ಥ ಕೆನೆತ್ ಹಾಟನ್ ಹಾಗೆ ಕರೆದರು. 1980ರಲ್ಲಿ ಸೀಗೇಟ್‌ನ ಎಸ್‌ಟಿ-506 ಬಂತು. ಐದೂಕಾಲು ಇಂಚು, 5 ಎಂಬಿ. ರಾಮ್ಯಾಕ್ ಒಂದು ಕೋಣೆ ಕೇಳುತ್ತಿತ್ತು, ಇದು ಮೇಜಿನ ಮೇಲಿನ ಕಂಪ್ಯೂಟರಿನೊಳಗೆ ಕೂತಿತು. 1988ರಲ್ಲಿ ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರ್ಯೂನ್‌ಬರ್ಗ್ ಬೇರೆ ಬೇರೆಯಾಗಿ ಕಂಡುಹಿಡಿದ ದೈತ್ಯ ಕಾಂತರೋಧ ಎಂಬ ಗುಣ 1997ರ ಹೊತ್ತಿಗೆ ಡಿಸ್ಕಿನ ಹೆಡ್ಡಿಗೆ ಬಂತು. ಬಹಳ ಕ್ಷೀಣವಾದ ಗುರುತನ್ನೂ ಓದಲು ಸಾಧ್ಯವಾಯಿತು. ಆ ಇಬ್ಬರಿಗೂ 2007ರಲ್ಲಿ ನೊಬೆಲ್ ಸಿಕ್ಕಿತು. ಆ ದಾರಿಯಲ್ಲಿಯೇ ನನ್ನ 500 ಜಿಬಿ ಡಿಸ್ಕ್ ಅಂಗೈ ಅಗಲದಲ್ಲಿ ನಮ್ಮ ಮನೆಗೆ ಬಂತು.

ಯೂಟ್ಯೂಬಿನಲ್ಲಿ ಡಿಸ್ಕನ್ನು ಬಿಚ್ಚಿ ರಿಪೇರಿ ಮಾಡುವ ವಿಡಿಯೋಗಳು ಬೇಕಾದಷ್ಟು ಉಂಟು. ದಯವಿಟ್ಟು ಅಡುಗೆಮನೆಯ ಮೇಜಿನಲ್ಲಿ ಅದನ್ನು ಮಾಡಬೇಡಿ. ಫ್ರೀಜರಿನಲ್ಲಿ ಇಟ್ಟರೆ ಸರಿಯಾಗುತ್ತದೆ ಎನ್ನುವ ಹಳೆಯ ಮಾತೊಂದು ಉಂಟು, ಅದನ್ನೂ ನಂಬಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಫ್ರೀಜರಿನಿಂದ ತೆಗೆದ ಡಬ್ಬಕ್ಕೆ ಏನಾಗುತ್ತದೆ ಎಂದು ನೋಡಿದ್ದೀರಲ್ಲ? ಹೊರಗೆಲ್ಲ ನೀರು. ಸಾಮಾನ್ಯ ಡಿಸ್ಕಿನಲ್ಲಿ ಉಸಿರಾಡಲಿಕ್ಕೆ ಜಾಲರಿ ಇಟ್ಟ ಒಂದು ಸಣ್ಣ ತೂತು ಇರುತ್ತದೆ, ಒಳಗೂ ಅದೇ ಗಾಳಿ. ತಟ್ಟೆಯ ಮೇಲೆ ಒಂದು ಹನಿ ನೀರು ನಿಂತರೆ ಆ ಎತ್ತರದಲ್ಲಿ ಹಾರುವ ಹೆಡ್ಡಿನ ಗತಿ ಏನು?

ಆಕಾಶದಿಂದ ಬಿದ್ದ ಡಿಸ್ಕ್

ಇಷ್ಟು ನಾಜೂಕಿನ ವಸ್ತು ಒಮ್ಮೆ ಬಾಹ್ಯಾಕಾಶದಿಂದ ಬಿದ್ದೂ ಉಳಿದ ಘಟನೆ ಉಂಟು.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಇಳಿಯುವಾಗ ಟೆಕ್ಸಸ್‌ನ ಆಕಾಶದಲ್ಲಿ ಒಡೆದು ಚೂರಾಯಿತು. ಏಳು ಮಂದಿ ತೀರಿಕೊಂಡರು, ಅವರಲ್ಲಿ ನಮ್ಮ ದೇಶದ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. ನೌಕೆಯಲ್ಲಿ ಕ್ಸೆನಾನ್ ಅನಿಲದ ಮೇಲೆ ಒಂದು ಪ್ರಯೋಗ ನಡೆದಿತ್ತು. ಬಾಟಲಿಯ ಟೊಮೆಟೊ ಸಾಸ್ ಅಲ್ಲಾಡಿಸಿದರೆ ತೆಳುವಾಗಿ ಹರಿಯುತ್ತದಲ್ಲ, ಆ ಗುಣ ಕ್ಸೆನಾನ್‌ನಂಥ ಸರಳ ವಸ್ತುವಿನಲ್ಲೂ ಒಂದು ನಿರ್ದಿಷ್ಟ ಸ್ಥಿತಿಯಲ್ಲಿ ಕಾಣುತ್ತದೆಯೇ ಎನ್ನುವ ಪರೀಕ್ಷೆ. ಭೂಮಿಯ ಮೇಲೆ ಅನಿಲದ ಸ್ವಂತ ಭಾರವೇ ಲೆಕ್ಕವನ್ನು ಕೆಡಿಸುತ್ತದೆ, ಅದಕ್ಕೇ ಮೇಲೆ ಹೋಗಬೇಕಾಗಿತ್ತು. ಅಳತೆಗಳಲ್ಲಿ ಕೆಲವು ರೇಡಿಯೋ ಮೂಲಕ ಮೊದಲೇ ಬಂದಿದ್ದವು, ಉಳಿದದ್ದು ಡಿಸ್ಕಿನಲ್ಲಿತ್ತು.

ಸುಮಾರು ಆರು ತಿಂಗಳ ನಂತರ ಒಣಗಿದ ಕೆರೆಯ ತಳದಲ್ಲಿ ಆ ಡಿಸ್ಕ್ ಸಿಕ್ಕಿತು. ಹೊರಗೆ ಸುಟ್ಟು ಕರಕಲು. ಧೂಳು ತಡೆಯುವ ಸೀಲ್ ಕರಗಿ ಹೋಗಿತ್ತು. ಅದನ್ನು ಮಿನೆಸೋಟಾದ ಆನ್‌ಟ್ರ್ಯಾಕ್ ಎಂಬ ಕಂಪನಿಗೆ ಕಳಿಸಿದರು. ಅಲ್ಲಿನ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಬಿಚ್ಚಿ ನೋಡಿದಾಗ ತಟ್ಟೆಗಳಲ್ಲಿ ಗೀರು, ಕುಳಿ ಇದ್ದವು, ಆದರೆ ತಟ್ಟೆ ಸೊಟ್ಟಗಾಗಿರಲಿಲ್ಲ. ಅವರು ತಟ್ಟೆಗಳನ್ನು ತೊಳೆದು, ಹೊಸದಾಗಿ ಜೋಡಿಸಿದ ಡ್ರೈವಿನೊಳಗೆ ಕೂರಿಸಿ ಓದಿದರು. ಎರಡು ದಿನದಲ್ಲಿ 99 ಶೇಕಡ ಮಾಹಿತಿ ಸಿಕ್ಕಿತು. ಪ್ರಯೋಗದ ಫಲಿತಾಂಶ 2008ರಲ್ಲಿ ಭೌತಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು.

ಇದನ್ನು ಪವಾಡ ಎನ್ನುವವರಿದ್ದಾರೆ. ನನಗೆ ಕಂಡದ್ದು ಬೇರೆ. ಆ ಡಿಸ್ಕ್ ಹಳೆಯ ಕಾಲದ್ದು, 340 ಎಂಬಿಯದ್ದು. ಅದರಲ್ಲಿ ಅರ್ಧ ಮಾತ್ರ ತುಂಬಿತ್ತು. ಓಡುತ್ತಿದ್ದದ್ದು ಡಾಸ್, ಅದು ಮಾಹಿತಿಯನ್ನು ಅಲ್ಲಲ್ಲಿ ಚೆಲ್ಲದೆ ಸಾಲಾಗಿ ಬರೆಯುತ್ತಿತ್ತು. ಪೆಟ್ಟು ಬಿದ್ದದ್ದು ಏನೂ ಬರೆಯದ ಜಾಗಕ್ಕೆ. ಎಲ್ಲಕ್ಕಿಂತ ಮುಖ್ಯ, ಸಿಕ್ಕಿದ ಕೂಡಲೇ ಯಾರೂ ಅದಕ್ಕೆ ಕರೆಂಟು ಕೊಟ್ಟು “ಓಡುತ್ತದಾ ನೋಡುವಾ” ಎನ್ನಲಿಲ್ಲ. ಅದೇ ನೌಕೆಯ ಇನ್ನೆರಡು ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ ಎನ್ನುವುದನ್ನೂ ನೆನಪಿಡಬೇಕು.

ನನ್ನ ತಪ್ಪು

ನಾನು ಮಾಡಿದ್ದು ಸರಿಯಾಗಿ ಅದರ ಉಲ್ಟ. ಆ ಸಂಜೆ ಎರಡು ಗಂಟೆ ಹೊತ್ತು ಒಂದೇ ಫೈಲನ್ನು ಎಳೆಯುತ್ತ ಕೂತೆ. ಬರಲಿಲ್ಲ, ಮತ್ತೆ ಎಳೆದೆ. ವಯರು ತೆಗೆದು ಚುಚ್ಚಿದೆ. ಹೀಗೆ ಓದಲಾಗದ ಜಾಗವನ್ನು ಮತ್ತೆ ಮತ್ತೆ ಕೇಳಿದಾಗ ಡಿಸ್ಕು ಅಲ್ಲೇ ನಿಂತು ನೂರಾರು ಸಲ ಪ್ರಯತ್ನಿಸುತ್ತದೆ. ಸೋತ ಹೆಡ್ಡು ಸೋತ ಜಾಗದ ಮೇಲೆಯೇ ಸುತ್ತುತ್ತದೆ. ಕಂಪ್ಯೂಟರು “ಡಿಸ್ಕಿನಲ್ಲಿ ದೋಷ ಇದೆ, ಸರಿಪಡಿಸಲಾ?” ಎಂದು ಕೇಳಿತು. ನನ್ನ ಪುಣ್ಯಕ್ಕೆ ಹೌದು ಒತ್ತಲಿಲ್ಲ. ಆ ರಿಪೇರಿ ಫೈಲುಗಳ ಪಟ್ಟಿಯನ್ನು ಸರಿಮಾಡುತ್ತದೆಯೇ ಹೊರತು ಒಳಗಿನ ದನಿಯನ್ನು ಕಾಪಾಡುವ ಜವಾಬ್ದಾರಿ ಅದಕ್ಕಿಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವುದು ಎಂದರೆ ಒದ್ದೆ ಕಾಗದದ ಮೇಲೆ ರಬ್ಬರು ಉಜ್ಜಿದಂತೆ.

ಡಿಸ್ಕುಗಳಿಗೆ 1990ರ ದಶಕದಿಂದ ‘ಸ್ಮಾರ್ಟ್’ ಎಂಬ ಎಚ್ಚರಿಕೆಯ ವ್ಯವಸ್ಥೆ ಉಂಟು. ಹಾಳಾದ ಜಾಗ ಎಷ್ಟು, ಬದಲಿ ಜಾಗ ಎಷ್ಟು ಬಳಸಿದೆ ಎಂದು ಡಿಸ್ಕೇ ಲೆಕ್ಕ ಇಡುತ್ತದೆ. ಆದರೆ ಅದನ್ನು ಪೂರ್ತಿ ನಂಬುವ ಹಾಗಿಲ್ಲ. 2007ರಲ್ಲಿ ಗೂಗಲ್‌ನ ಮೂವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಸತ್ತ ಡಿಸ್ಕ್‌ಗಳಲ್ಲಿ 56 ಶೇಕಡಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಇನ್ನೊಂದು ಕಡೆ, ಮೊದಲ ಬಾರಿ ಓದುವ ದೋಷ ಕಂಡ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯುವ ಸಂಭವ, ದೋಷ ಇಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬರದಿದ್ದರೆ ಧೈರ್ಯ ಬೇಡ, ಬಂದರೆ ತಡ ಬೇಡ.

ಒದ್ದೆ ಪುಸ್ತಕ

ಉಪ್ಪ ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿದೆ. ಅವರಿಗೆ ಡಿಸ್ಕ್ ಗೊತ್ತಿಲ್ಲ. ಆದರೆ ಅವರು ಹೇಳಿದ ಮಾತು ಇದು: “ನೀನು ಬಾರದ್ದನ್ನೇ ಯಾಕೆ ಎಳೆಯುತ್ತೀ? ಬರುವುದನ್ನು ಮೊದಲು ತೆಗಿ.”

ನಾನು ಸಣ್ಣವನಿದ್ದಾಗ ಒಂದು ಮಳೆಗಾಲದಲ್ಲಿ ಅಂಗಡಿಗೆ ನೀರು ನುಗ್ಗಿ ಸಾಲದ ಪುಸ್ತಕ ಒದ್ದೆಯಾಗಿತ್ತು. ಉಪ್ಪ ಅದನ್ನು ಬಿಡಿಸಲು ಹೋಗಲಿಲ್ಲ. ಫ್ಯಾನಿನ ಕೆಳಗೆ ಇಟ್ಟು, ತಾನಾಗಿ ಬಿಟ್ಟುಕೊಂಡ ಹಾಳೆಗಳನ್ನು ಮೊದಲು ಹೊಸ ಪುಸ್ತಕಕ್ಕೆ ಇಳಿಸಿದರು. ಅಂಟಿಕೊಂಡ ಹಾಳೆಗಳ ಜಾಗದಲ್ಲಿ ಬೆಂಕಿಕಡ್ಡಿ ಇಟ್ಟರು. ಎಲ್ಲ ಇಳಿಸಿ ಆದ ಮೇಲೆ ಬೆಂಕಿಕಡ್ಡಿ ಇಟ್ಟ ಹಾಳೆಗಳಿಗೆ ಮರಳಿದರು, ಅಂಚಿನಿಂದ ನಿಧಾನವಾಗಿ ಬಿಡಿಸಿದರು. ಕೆಲವು ಹರಿದವು. ಆದರೆ ಆ ಹೊತ್ತಿಗೆ ಬಾಕಿ ಎಲ್ಲ ಹೊಸ ಪುಸ್ತಕದಲ್ಲಿ ಇತ್ತು.

ಇದೇ ಕ್ರಮವನ್ನು ಕಂಪ್ಯೂಟರಿಗೆ ಕಲಿಸಿದ ಒಂದು ತಂತ್ರಾಂಶ ಉಂಟು. ಯುನಿಕ್ಸ್‌ನಲ್ಲಿ 1970ರ ದಶಕದಿಂದ ‘ಡಿಡಿ’ ಎಂಬ ಆಜ್ಞೆ ಇತ್ತು, ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಹಾಗೆಯೇ ನಕಲು ಮಾಡಲು. ದೋಷ ಸಿಕ್ಕಲ್ಲಿ ಅದು ನಿಂತುಬಿಡುತ್ತದೆ. 2004ರಲ್ಲಿ ಆಂಟೋನಿಯೋ ಡಿಯಾಸ್ ಡಿಯಾಸ್ ಎಂಬವರು ‘ಗ್ನು ಡಿಡಿ-ರೆಸ್ಕ್ಯೂ’ ಹೊರತಂದರು. ಉಚಿತ, ಲಿನಕ್ಸ್‌ನಲ್ಲಿ ಓಡುತ್ತದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನು ಮಾತ್ರ ತೆಗೆಯುತ್ತದೆ. ಕಷ್ಟದ ಜಾಗ ಬಂದರೆ ಗುರುತು ಹಾಕಿ ಹಾರಿ ಮುಂದೆ ಹೋಗುತ್ತದೆ. ನಂತರ ಆ ಜಾಗಗಳ ಅಂಚುಗಳನ್ನು ಸವರುತ್ತದೆ. ಕೊನೆಗೆ ಉಳಿದದ್ದನ್ನು ಒಂದೊಂದೇ ಸೆಕ್ಟರಿನಂತೆ ಕೆರೆದು ತೆಗೆಯುತ್ತದೆ. ಎಲ್ಲಿಯವರೆಗೆ ಬಂತು, ಎಲ್ಲಿ ಬಿಟ್ಟಿತು ಎಂಬ ನಕ್ಷೆಯನ್ನು ಬೇರೆ ಫೈಲಿನಲ್ಲಿ ಬರೆದಿಡುತ್ತದೆ. ಆ ನಕ್ಷೆಯೇ ಉಪ್ಪನ ಬೆಂಕಿಕಡ್ಡಿ.

ಮರುದಿನ ಒಂದು ಟಿಬಿಯ ಹೊಸ ಡಿಸ್ಕ್ ತಂದೆ. ಹಳೆಯದನ್ನು ಮೇಜಿನ ಮೇಲೆ ಅಲ್ಲಾಡದಂತೆ ಇಟ್ಟು, ಫ್ಯಾನ್ ಹಾಕಿ, ನಕಲು ಶುರು ಮಾಡಿದೆ. ಹಳೆಯದಕ್ಕೆ ಒಂದು ಅಕ್ಷರವೂ ಬರೆಯಲಿಲ್ಲ. ಡಿಸ್ಕು ಟಕ್ ಟಕ್ ಎಂದು ಬಡಿಯುತ್ತಿದ್ದರೆ ಅಥವಾ ತಿರುಗದೆ ಇದ್ದರೆ ನಾನು ಇದನ್ನು ಮಾಡುತ್ತಿರಲಿಲ್ಲ. ಅದು ಹೆಡ್ಡಿನ ಕಾಯಿಲೆ, ಮನೆಮದ್ದಿಗೆ ಬಗ್ಗುವುದಿಲ್ಲ, ಧೂಳಿಲ್ಲದ ಕೋಣೆ ಇರುವವರಿಗೇ ಕೊಡಬೇಕು. ನನ್ನದು ಸದ್ದಿಲ್ಲದೆ ತಿರುಗುತ್ತಿತ್ತು, ಕೆಲವು ಜಾಗ ಮಾತ್ರ ಓದುತ್ತಿರಲಿಲ್ಲ.

ಮಧ್ಯರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಬೆಳಿಗ್ಗೆ ಬಂದ ಮೇಲೆ ನಕ್ಷೆ ನೋಡಿ ಬಿಟ್ಟಲ್ಲಿಂದಲೇ ಶುರುವಾಯಿತು. ಎರಡನೆಯ ರಾತ್ರಿ ಕಳೆದಾಗ 500 ಜಿಬಿಯಲ್ಲಿ ಓದಲಾಗದೆ ಉಳಿದದ್ದು 3 ಎಂಬಿಗೂ ಕಡಿಮೆ. ಆಮೇಲೆ ಹಳೆಯ ಡಿಸ್ಕನ್ನು ಬದಿಗಿಟ್ಟೆ. ಮುಂದಿನ ಕೆಲಸ ಎಲ್ಲ ನಕಲಿನ ಮೇಲೆ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್ ಹನ್ನೆರಡು ಕ್ಯಾಸೆಟ್‌ಗಳನ್ನು ಹೆಸರು ಸಮೇತ ಕೊಟ್ಟಿತು. ಇನ್ನೆರಡರ ಹೆಸರು ಅಳಿಸಿಹೋಗಿತ್ತು. ಫೈಲಿನ ಆರಂಭದ ಗುರುತು ನೋಡಿ ಹುಡುಕುವ ಅವರದೇ ಫೋಟೋರೆಕ್ ಅವನ್ನೂ ಹೆಕ್ಕಿತು.

ಹತ್ತು ಸೆಕೆಂಡ್

ಹದಿಮೂರು ಕ್ಯಾಸೆಟ್ ಪೂರ್ತಿ ಸರಿ ಇದ್ದವು. ಒಂದರಲ್ಲಿ ಮಾತ್ರ ನಡುವೆ ತೂತು. ಲೆಕ್ಕ ಹಾಕಿದೆ. ನಾನು ಇಳಿಸಿದ ಗುಣಮಟ್ಟದಲ್ಲಿ ಒಂದು ಸೆಕ್ಟರ್, ಅಂದರೆ 4096 ಬೈಟ್, ಕಾಲು ಸೆಕೆಂಡಿನ ದನಿ. ಹೋದದ್ದು ಒಂದರ ಬೆನ್ನಿಗೊಂದರಂತೆ ನಲವತ್ತು ಸೆಕ್ಟರ್. ಹತ್ತು ಸೆಕೆಂಡ್. ಅದು ನಾನು ಆ ಸಂಜೆ ಎರಡು ಗಂಟೆ ಎಳೆದ ಅದೇ ಫೈಲು. ಎಳೆಯದಿದ್ದರೆ ಎಷ್ಟು ಉಳಿಯುತ್ತಿತ್ತು ಎನ್ನುವ ಪ್ರಶ್ನೆ ಈಗಲೂ ಚುಚ್ಚುತ್ತದೆ.

ಅಂಗಡಿ ಮುಚ್ಚಿದ ಮೇಲೆ ಎಲ್ಲರೂ ಕೂತು ಕೇಳಿದೆವು. ದೊಡ್ಡಪ್ಪ ಮಾತಾಡುತ್ತ ಮಾತಾಡುತ್ತ, “ಉಮ್ಮಾ, ಊರಿನಲ್ಲಿ ಈಗ…” ಎಂಬರ್ಥದ ಮಾತು ಎತ್ತಿದ್ದೇ ಸದ್ದು ನಿಂತಿತು. ಹತ್ತು ಸೆಕೆಂಡ್ ಕಳೆದು ಅವರ ನಗು ಕೇಳಿತು. ಉಪ್ಪ ಹೇಳಿದರು, “ಅಲ್ಲಿ ಅವನು ಮಳೆ ಬಂತಾ ಎಂದು ಕೇಳಿದ್ದು.” ಉಮ್ಮ ಅಡ್ಡ ಹೇಳಿದರು, “ಅಲ್ಲ, ಬಾವಿ ತೋಡಿದ ಸುದ್ದಿ ಅದು, ನನಗೆ ಸರಿಯಾಗಿ ನೆನಪುಂಟು.” ಇಬ್ಬರಿಗೂ ಸರಿಯಾಗಿ ನೆನಪುಂಟು. ಆ ಹತ್ತು ಸೆಕೆಂಡ್ ಏನಿತ್ತೆಂದು ಹೇಳಬಲ್ಲ ವಸ್ತು ಈ ಲೋಕದಲ್ಲಿ ಇನ್ನಿಲ್ಲ. ಇದ್ದ ಒಂದೇ ಒಂದು, ಬೂಷ್ಟು ಹಿಡಿದ ಆ ಕ್ಯಾಸೆಟ್. ಅದನ್ನು ಬಿಸಾಡಿ ಎಂದವನು ನಾನು.

ನಮ್ಮ ಮನೆಗಳಲ್ಲಿ ಮದುವೆಯ ಹಾಡು, ಹಿರಿಯರ ಮಾತು, ಹಳೆಯ ಫೋಟೋ ಎಲ್ಲ ಈಗ ಒಂದೇ ಡಿಸ್ಕಿನಲ್ಲಿ, ಒಂದೇ ಫೋನಿನಲ್ಲಿ ಕೂತಿವೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ ಒಂದು ನಿಯಮ ಉಂಟು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ದೊಡ್ಡಪ್ಪನ ಹದಿನಾಲ್ಕು ಕ್ಯಾಸೆಟ್ ಸೇರಿ 800 ಎಂಬಿ ಆಸುಪಾಸು, ಒಂದು ಸಣ್ಣ ಪೆನ್ ಡ್ರೈವಿನ ಮೂಲೆಗೆ ಸಾಲದು. ಈಗ ಒಂದು ಪ್ರತಿ ಮನೆಯಲ್ಲಿ, ಒಂದು ಇಂಟರ್‌ನೆಟ್ಟಿನಲ್ಲಿ, ಒಂದು ದೊಡ್ಡಪ್ಪನ ಮಗಳ ಮನೆಯಲ್ಲಿ.

ಉಪ್ಪ ಇದನ್ನು ಕೇಳಿ ನಕ್ಕರು. ದಿನದ ಬರಹಕ್ಕೆ ಒಂದು ಪುಸ್ತಕ, ರಾತ್ರಿ ಕೂತು ಇಳಿಸುವ ಖಾತೆಗೆ ಇನ್ನೊಂದು ಪುಸ್ತಕ. ಅಂಗಡಿ ಶುರುವಾದ ದಿನದಿಂದ ಅವರು ಎರಡು ಪುಸ್ತಕ ಇಟ್ಟವರು. ಒಂದು ಗಲ್ಲಾದಲ್ಲಿ, ಇನ್ನೊಂದು ಮನೆಯಲ್ಲಿ.